ಗೊತ್ತಿರುವುದೇ ಸಾಕ್ಷಿಯಾದಾಗ: ಗುರುತು ಕಳವಿನ ಒಳಹೊರಗು

1938ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್‌ನಲ್ಲಿ ಪರ್ಸ್ ತಯಾರಿಸುತ್ತಿದ್ದ ಕಂಪನಿಯೊಂದು, ಆಗಷ್ಟೇ ಬಳಕೆಗೆ ಬಂದಿದ್ದ ಸಾಮಾಜಿಕ ಭದ್ರತಾ ಕಾರ್ಡು (ದುಡಿಯುವವರ ಪಿಂಚಣಿ ಲೆಕ್ಕಕ್ಕಾಗಿ ಸರ್ಕಾರ ಕೊಡುವ ಸಂಖ್ಯೆಯ ಚೀಟಿ) ತನ್ನ ಹೊಸ ಪರ್ಸಿನಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ತೋರಿಸಲು, ಮಾದರಿ ಕಾರ್ಡೊಂದನ್ನು ಅಚ್ಚು ಹಾಕಿಸಿ ಪ್ರತಿ ಪರ್ಸಿನೊಳಗೂ ಇಟ್ಟಿತು. ಅದು ಅಸಲಿ ಕಾರ್ಡಿನ ಅರ್ಧದಷ್ಟೇ ಇತ್ತು. ಪೂರ್ತಿ ಕೆಂಪು ಬಣ್ಣದಲ್ಲಿ ಅಚ್ಚಾಗಿ, ಇದು ಮಾದರಿ ಎಂಬ ಒಕ್ಕಣೆಯನ್ನೂ ಹೊತ್ತಿತ್ತು. ಆದರೆ ಅದರ ಮೇಲಿದ್ದ ಸಂಖ್ಯೆ ಮಾತ್ರ ನಿಜವಾದದ್ದು: ಅದೇ ಕಂಪನಿಯ ಕಾರ್ಯದರ್ಶಿಯೊಬ್ಬರಿಗೆ ಸರ್ಕಾರ ಕೊಟ್ಟಿದ್ದ ಸಂಖ್ಯೆ. ಪರ್ಸ್ ಕೊಂಡವರಲ್ಲಿ ಅನೇಕರು ಅದು ತಮಗೇ ಬಂದ ಸಂಖ್ಯೆ ಎಂದು ತಿಳಿದು ಬಳಸತೊಡಗಿದರು. 1943ರ ಹೊತ್ತಿಗೆ 5,755 ಮಂದಿ ಆ ಒಂದೇ ಸಂಖ್ಯೆಯಲ್ಲಿದ್ದರು. ವರ್ಷಗಳು ಕಳೆದಂತೆ ಅದನ್ನು ತಮ್ಮದೆಂದು ಬರೆದುಕೊಟ್ಟವರ ಲೆಕ್ಕ 40,000 ದಾಟಿತು. ಸರ್ಕಾರ ಆ ಸಂಖ್ಯೆಯನ್ನು ರದ್ದುಪಡಿಸಿ ಕಾರ್ಯದರ್ಶಿಗೆ ಬೇರೆಯದನ್ನು ಕೊಡಬೇಕಾಯಿತು.

ಈ ಜನರಲ್ಲಿ ಹೆಚ್ಚಿನವರು ಕಳ್ಳರಲ್ಲ, ತಪ್ಪು ತಿಳಿದವರು. ಆದರೂ ಗುರುತು ಕಳವಿನ, ಅಂದರೆ ಬೇರೆಯವರ ವಿವರ ಬಳಸಿ ಅವರೇ ತಾವೆಂದು ನಂಬಿಸುವ ವಂಚನೆಯ, ಇಡೀ ಸಮಸ್ಯೆ ಈ ಪ್ರಸಂಗದಲ್ಲಿ ಆಗಲೇ ಬೀಜರೂಪದಲ್ಲಿ ಇದೆ. ಸಂಖ್ಯೆಯೊಂದು ಯಾರದ್ದು ಎಂದು ಹೇಳುವುದು ಒಂದು ಕೆಲಸ. ಅದನ್ನು ಹೇಳುತ್ತಿರುವವರು ಅವರೇ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳುವುದು ಬೇರೆಯದೇ ಕೆಲಸ. ಮೊದಲನೆಯದು ಹೆಸರು ಕೇಳಿದಂತೆ, ಎರಡನೆಯದು ಬೀಗದ ಕೈ ಕೇಳಿದಂತೆ. 1946ರಿಂದ ಅಚ್ಚಾದ ಕಾರ್ಡುಗಳ ಮೇಲೆ, ಇದು ಗುರುತಿನ ಪುರಾವೆಗಾಗಿ ಅಲ್ಲ ಎಂಬ ಸಾಲನ್ನು ಅಮೆರಿಕದ ಸರ್ಕಾರವೇ ಸೇರಿಸಿತ್ತು. ಆದರೂ ಬ್ಯಾಂಕು, ಆಸ್ಪತ್ರೆ, ತೆರಿಗೆ ಇಲಾಖೆ, ಫೋನ್ ಕಂಪನಿಗಳೆಲ್ಲ ಕ್ರಮೇಣ ಅದೇ ಸಂಖ್ಯೆಯನ್ನು ಬೀಗದ ಕೈಯಾಗಿ ಬಳಸತೊಡಗಿದವು. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ವಿವರಗಳು ಇದೇ ಹಾದಿ ಹಿಡಿದಿವೆ: ಜನ್ಮದಿನಾಂಕ, ತಾಯಿಯ ಹೆಸರು, ವಿಳಾಸ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಗುರುತಿನ ಚೀಟಿಯ ಪ್ರತಿ. ಒಬ್ಬರ ಬಗ್ಗೆ ಇಷ್ಟು ಗೊತ್ತಿದ್ದರೆ ಅವರೇ ಇರಬೇಕು ಎಂಬ ಊಹೆ ಎಲ್ಲೆಡೆ ಕಚೇರಿಯ ಪದ್ಧತಿಯಾಗಿ ಕೂತಿದೆ. ಗುರುತು ಕಳ್ಳರು ಬದುಕುವುದು ಈ ಊಹೆಯ ಮೇಲೆ.

ಹಾಗಾಗಿ ಕಳ್ಳನಿಗೆ ಬೇಕಾದದ್ದು ಯಾರೂ ಕಾಣದ ರಹಸ್ಯವಲ್ಲ, ನಮ್ಮ ಬಗ್ಗೆ ಹತ್ತು ಕಡೆ ಚದುರಿಬಿದ್ದಿರುವ ಸಣ್ಣ ಸಣ್ಣ ಸಂಗತಿಗಳು. ಅವು ಒಂದೊಂದೇ ಇದ್ದಾಗ ನಿರುಪದ್ರವಿ. ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ, 1990ರ ಜನಗಣತಿಯ ಅಂಕಿಅಂಶಗಳನ್ನು ಹಿಡಿದು ಮಾಡಿದ ಲೆಕ್ಕಾಚಾರದಲ್ಲಿ, ಐದಂಕಿಯ ಅಂಚೆ ಸಂಖ್ಯೆ, ಜನ್ಮದಿನಾಂಕ ಮತ್ತು ಲಿಂಗ ಈ ಮೂರೇ ವಿವರಗಳಿಂದ ಆ ದೇಶದ ಜನಸಂಖ್ಯೆಯ ಸುಮಾರು 87 ಶೇಕಡಾ ಜನರನ್ನು ಒಬ್ಬೊಬ್ಬರಾಗಿ ಬೇರ್ಪಡಿಸಿ ಗುರುತಿಸಲು ಸಾಧ್ಯ ಎಂದು ತೋರಿಸಿದರು. ಹುಟ್ಟುಹಬ್ಬದ ಶುಭಾಶಯಕ್ಕೆ ಧನ್ಯವಾದ ಹೇಳುವಾಗ ನಾವು ಈ ಮೂರರಲ್ಲಿ ಎರಡನ್ನು ಆಗಲೇ ಕೊಟ್ಟಾಗಿರುತ್ತದೆ.

ಈ ಜೋಡಣೆ ಹೇಗೆ ನಡೆಯುತ್ತದೆ ಎನ್ನುವುದಕ್ಕೆ 2012ರ ಆಗಸ್ಟ್‌ನ ಒಂದು ಪ್ರಕರಣವನ್ನು ಹತ್ತಿರದಿಂದ ನೋಡಬಹುದು. ಅಮೆರಿಕದ ತಂತ್ರಜ್ಞಾನ ಪತ್ರಕರ್ತರೊಬ್ಬರು ತಮಗಾದದ್ದನ್ನು ತಾವೇ ವಿವರವಾಗಿ ಬರೆದು ಪ್ರಕಟಿಸಿದ್ದರಿಂದ ಇದರ ಪ್ರತಿ ಹೆಜ್ಜೆಯೂ ದಾಖಲಾಗಿದೆ. ದಾಳಿಕೋರರಿಗೆ ಬೇಕಾಗಿದ್ದದ್ದು ಅವರ ಟ್ವಿಟರ್ ಖಾತೆಯ ಮೂರಕ್ಷರದ ಹೆಸರು. ಅವರ ಸ್ವಂತ ಜಾಲತಾಣದ ನೋಂದಣಿ ದಾಖಲೆಯಲ್ಲಿ ಮನೆ ವಿಳಾಸ ಸಾರ್ವಜನಿಕವಾಗಿಯೇ ಇತ್ತು. ದಾಳಿಕೋರರು ಮೊದಲು ಅಮೆಜಾನ್‌ಗೆ ಫೋನ್ ಮಾಡಿ, ಹೆಸರು, ಇಮೇಲ್, ವಿಳಾಸ ಹೇಳಿ, ಖಾತೆಗೆ ಒಂದು ಹೊಸ ಕಾರ್ಡ್ ಸಂಖ್ಯೆ ಸೇರಿಸಿಸಿದರು. ಸ್ವಲ್ಪ ಹೊತ್ತಿನ ನಂತರ ಮತ್ತೆ ಫೋನ್ ಮಾಡಿ, ಖಾತೆಗೆ ಪ್ರವೇಶ ಸಿಗುತ್ತಿಲ್ಲವೆಂದು ಹೇಳಿ, ತಾವೇ ಸೇರಿಸಿದ್ದ ಕಾರ್ಡ್ ಸಂಖ್ಯೆಯನ್ನು ಪುರಾವೆಯಾಗಿ ಒಪ್ಪಿಸಿ, ಹೊಸ ಇಮೇಲ್ ವಿಳಾಸ ಸೇರಿಸಿಸಿದರು. ಆ ಇಮೇಲ್‌ಗೆ ಹೊಸ ಪಾಸ್‌ವರ್ಡ್ ತರಿಸಿಕೊಂಡು ಒಳಹೊಕ್ಕಾಗ ಅಸಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು ಕಣ್ಣೆದುರು ಇದ್ದವು. ಅಮೆಜಾನ್ ಅವನ್ನು ಮರೆಮಾಡಬೇಕಿಲ್ಲದ ಮಾಹಿತಿ ಎಂದು ಭಾವಿಸಿತ್ತು. ಆಪಲ್‌ನ ಸಹಾಯವಾಣಿ ಆ ನಾಲ್ಕು ಅಂಕಿಗಳನ್ನೂ ವಿಳಾಸವನ್ನೂ ಹೇಳಿದವರಿಗೆ ತಾತ್ಕಾಲಿಕ ಪಾಸ್‌ವರ್ಡ್ ಕೊಡುತ್ತಿತ್ತು. ಅಲ್ಲಿಂದ ಜಿಮೇಲ್, ಜಿಮೇಲ್‌ನಿಂದ ಟ್ವಿಟರ್. ಪತ್ರಕರ್ತರು ಖಾತೆಗಳನ್ನು ಮರಳಿ ಪಡೆಯದಿರಲೆಂದು ಅವರ ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಮೂರನ್ನೂ ದೂರದಿಂದಲೇ ಅಳಿಸಿಹಾಕಲಾಯಿತು. ಬೇರೆಲ್ಲೂ ಪ್ರತಿಯಿಲ್ಲದ ಮಗಳ ಮೊದಲ ವರ್ಷದ ಚಿತ್ರಗಳೂ ಆ ಲ್ಯಾಪ್‌ಟಾಪಿನಲ್ಲಿದ್ದವು.

ಇಲ್ಲಿ ಯಾವ ಗೂಢಲಿಪಿಯನ್ನೂ ಯಾರೂ ಒಡೆಯಲಿಲ್ಲ. ಒಂದು ಸಂಸ್ಥೆಗೆ ಕಸವಾಗಿದ್ದ ಮಾಹಿತಿ ಇನ್ನೊಂದು ಸಂಸ್ಥೆಗೆ ಬೀಗದ ಕೈಯಾಗಿತ್ತು, ಅಷ್ಟೇ. ಎರಡೂ ಸಂಸ್ಥೆಗಳು ಆ ಮೇಲೆ ತಮ್ಮ ಪದ್ಧತಿಗಳನ್ನು ಬದಲಿಸಿಕೊಂಡವು. ಆದರೆ ಸಂಸ್ಥೆಗಳು ಪರಸ್ಪರ ಮಾತಾಡಿಕೊಳ್ಳದೆ, ತಮ್ಮ ತಮ್ಮ ಲೆಕ್ಕದಲ್ಲಿ ಯಾವುದು ಗುಟ್ಟು ಯಾವುದು ಅಲ್ಲ ಎಂದು ತೀರ್ಮಾನಿಸುವ ರೀತಿ ಇಂದಿಗೂ ಹಾಗೇ ಇದೆ.

ಮಾಹಿತಿ ಸಿಗುವ ದಾರಿಗಳಲ್ಲಿ ಅತ್ಯಂತ ದೊಡ್ಡದು ಸಂಸ್ಥೆಗಳ ದತ್ತಾಂಶ ಸೋರಿಕೆ. 2013ರಲ್ಲಿ ನಡೆದ ಯಾಹೂ ಸೋರಿಕೆ ಹೊರಬಿದ್ದದ್ದು 2016ರಲ್ಲಿ. ಆಗಿದ್ದ ಎಲ್ಲ 300 ಕೋಟಿ ಖಾತೆಗಳೂ ಅದರಲ್ಲಿ ಸೇರಿದ್ದವು ಎಂದು ಕಂಪನಿ ಒಪ್ಪಿಕೊಂಡದ್ದು 2017ರಲ್ಲಿ. ಜನರ ಸಾಲದ ಇತಿಹಾಸವನ್ನು ಕಾಪಿಡುವ ಈಕ್ವಿಫ್ಯಾಕ್ಸ್‌ನಲ್ಲಿ 2017ರಲ್ಲಿ ನಡೆದದ್ದು ಇನ್ನೂ ಗಂಭೀರ. ತಾನು ಬಳಸುತ್ತಿದ್ದ ತಂತ್ರಾಂಶವೊಂದರ ದೋಷಕ್ಕೆ ಮಾರ್ಚ್‌ನಲ್ಲೇ ಪರಿಹಾರ ಬಿಡುಗಡೆಯಾಗಿದ್ದರೂ ಸಂಸ್ಥೆ ಅದನ್ನು ಅಳವಡಿಸಿಕೊಳ್ಳಲಿಲ್ಲ. ಮೇ ತಿಂಗಳಿಂದ ಜುಲೈವರೆಗೆ ದಾಳಿಕೋರರು ಅದೇ ದೋಷದ ಮೂಲಕ ಒಳಗಿದ್ದು ಸುಮಾರು 14.7 ಕೋಟಿ ಜನರ ಹೆಸರು, ಜನ್ಮದಿನಾಂಕ, ಸಾಮಾಜಿಕ ಭದ್ರತಾ ಸಂಖ್ಯೆಗಳನ್ನು ಹೊತ್ತೊಯ್ದರು. ಆ ಜನರಲ್ಲಿ ಬಹುಪಾಲಿನವರು ಆ ಸಂಸ್ಥೆಯ ಗ್ರಾಹಕರೇ ಅಲ್ಲ. ತಮ್ಮ ವಿವರ ಅಲ್ಲಿದೆ ಎಂಬುದೇ ಅನೇಕರಿಗೆ ತಿಳಿದಿರಲಿಲ್ಲ. ಅವರು ಎಷ್ಟು ಎಚ್ಚರದಿಂದ ಇದ್ದರೂ ಮಾಡಬಹುದಾಗಿದ್ದದ್ದು ಏನೂ ಇರಲಿಲ್ಲ.

ಕೆಲವೊಮ್ಮೆ ಕದಿಯುವ ಶ್ರಮವೂ ಬೇಕಿಲ್ಲ, ಕೊಂಡರೆ ಸಾಕು. ಜನರ ಮಾಹಿತಿಯನ್ನು ಮಾರುವುದನ್ನೇ ಕಾನೂನುಬದ್ಧ ವ್ಯಾಪಾರ ಮಾಡಿಕೊಂಡಿದ್ದ ಚಾಯ್ಸ್‌ಪಾಯಿಂಟ್ ಎಂಬ ಅಮೆರಿಕದ ಕಂಪನಿಯಲ್ಲಿ, ಸಣ್ಣ ಉದ್ದಿಮೆದಾರರ ವೇಷ ತೊಟ್ಟ ವಂಚಕರು ಖಾತೆ ತೆರೆದು, ಹಣ ಕೊಟ್ಟು, 1,63,000ಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪಡೆದದ್ದು 2005ರಲ್ಲಿ ಬಯಲಾಯಿತು. ಮಾರುವ ಕಂಪನಿಗೆ ಕೊಳ್ಳುವವನ ಗುರುತನ್ನೇ ಸರಿಯಾಗಿ ಪರೀಕ್ಷಿಸಲು ಆಗಿರಲಿಲ್ಲ.

ವ್ಯಕ್ತಿಗಳಿಂದಲೇ ನೇರವಾಗಿ ಹೊರತೆಗೆಯುವ ದಾರಿಗಳು ಬೇರೆ. ಸಾಧನಕ್ಕೆ ನುಸುಳುವ ಕಳ್ಳ ತಂತ್ರಾಂಶವು ಬ್ರೌಸರ್ ನೆನಪಿಟ್ಟುಕೊಂಡಿರುವ ಪಾಸ್‌ವರ್ಡ್‌ಗಳನ್ನಷ್ಟೇ ಅಲ್ಲ, ಈಗಾಗಲೇ ಲಾಗಿನ್ ಆಗಿರುವುದನ್ನು ಸೂಚಿಸುವ ಕುಕಿಗಳನ್ನೂ ಎತ್ತಿಕೊಂಡು ಹೋಗುತ್ತದೆ. ಅವು ಕೈಗೆ ಸಿಕ್ಕರೆ ಪಾಸ್‌ವರ್ಡ್ ಕೇಳುವ ಪ್ರಸಂಗವೇ ಬರುವುದಿಲ್ಲ. ಒಂದು ಕಡೆ ಸೋರಿದ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಯನ್ನು ನೂರಾರು ತಾಣಗಳಲ್ಲಿ ಯಂತ್ರಗಳ ಮೂಲಕ ಪ್ರಯತ್ನಿಸಿ ನೋಡುವುದು ಇನ್ನೊಂದು ದಾರಿ. ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸುವ ಅಭ್ಯಾಸ ಇರುವವರೆಗೆ ಇದಕ್ಕೆ ಹೆಚ್ಚು ಜಾಣತನ ಬೇಕಾಗುವುದಿಲ್ಲ. ಅಂಚೆ ಡಬ್ಬಿಯಿಂದ ಪತ್ರ ಕದಿಯುವುದು, ಕಚೇರಿಯ ಒಳಗಿನ ನೌಕರನಿಂದಲೇ ಪಟ್ಟಿ ಕೊಳ್ಳುವುದು, ಮನೆಯ ನೆಂಟರೇ ದಾಖಲೆಗಳನ್ನು ಬಳಸಿಕೊಳ್ಳುವುದು, ಇವು ಹಳೆಯವಾದರೂ ನಿಂತಿಲ್ಲ. ಕೊನೆಯದಂತೂ ದೂರು ಕೊಡಲೂ ಬಾಯಿ ಬಾರದಂಥದ್ದು.

ಫೋನ್ ಕರೆಯ ವಂಚನೆಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಮಾಹಿತಿ ಹೇಗೆ ಮಾಹಿತಿಯನ್ನು ಹೆರುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕರೆ ಮಾಡಿದವನು ಮೊದಲು ಏನನ್ನೂ ಕೇಳುವುದಿಲ್ಲ, ತಾನೇ ಹೇಳುತ್ತಾನೆ. ‘ನಿಮ್ಮ ಪೂರ್ಣ ಹೆಸರು ಇದು, ಹುಟ್ಟಿದ ದಿನ ಇದು, ನಿಮ್ಮ ಕಾರ್ಡಿನ ಕೊನೆಯ ನಾಲ್ಕು ಅಂಕಿ ಇವು, ಸರಿ ತಾನೇ?’ ಎಲ್ಲವೂ ಸರಿ ಇರುತ್ತದೆ, ಏಕೆಂದರೆ ಅದೆಲ್ಲ ಎಲ್ಲೋ ಸೋರಿದ ಪಟ್ಟಿಯಿಂದ ಬಂದದ್ದು. ಇಷ್ಟೆಲ್ಲ ಗೊತ್ತಿರುವವನು ಬ್ಯಾಂಕಿನವನೇ ಇರಬೇಕು ಎಂದು ಕೇಳುವವರ ಮನಸ್ಸು ಒಪ್ಪಿಕೊಳ್ಳುತ್ತದೆ. ಗಮನಿಸಿದರೆ, ಬ್ಯಾಂಕು ನಮ್ಮ ಬಗ್ಗೆ ಮಾಡುವ ತಪ್ಪನ್ನೇ ನಾವು ಆ ಕರೆ ಮಾಡಿದವನ ಬಗ್ಗೆ ಮಾಡುತ್ತೇವೆ: ಗೊತ್ತಿರುವುದನ್ನು ಸಾಕ್ಷಿ ಎಂದು ಬಗೆಯುತ್ತೇವೆ. ‘ನಿಮ್ಮ ಖಾತೆಯಿಂದ ಈಗಷ್ಟೇ ಹಣ ಹೋಗುತ್ತಿದೆ, ತಡೆಯಲು ಒಂದು ಓಟಿಪಿ ಕಳಿಸಿದ್ದೇನೆ, ಹೇಳಿ’ ಎನ್ನುವಾಗ ಅವನು ಇನ್ನೊಂದು ಪರದೆಯಲ್ಲಿ ಬ್ಯಾಂಕಿನ ನಿಜವಾದ ತಾಣದ ಮುಂದೆ ಕೂತಿರುತ್ತಾನೆ. ಓಟಿಪಿ ಬರುವುದು ಬ್ಯಾಂಕಿನಿಂದಲೇ. ಅದಕ್ಕೇ ಅದು ನಂಬಿಕೆ ಹುಟ್ಟಿಸುತ್ತದೆ. ಹೇಳಿದ ಮರುಕ್ಷಣ ಬಾಗಿಲು ತೆರೆದಿರುತ್ತದೆ. ಇದಕ್ಕೆ ಬಲಿಯಾದವರನ್ನು ದಡ್ಡರೆನ್ನುವುದು ಸುಲಭ, ಆದರೆ ಅನ್ಯಾಯ. ಭಯ ಮತ್ತು ಅವಸರ ಎರಡನ್ನೂ ಒಟ್ಟಿಗೆ ಹುಟ್ಟಿಸುವುದನ್ನೇ ದಿನವಿಡೀ ಕೆಲಸವಾಗಿ ಮಾಡುವವನ ಎದುರು, ಅಂಥ ಕರೆಯನ್ನು ಮೊದಲ ಬಾರಿಗೆ ಎತ್ತಿದವರು ಇರುತ್ತಾರೆ.

ದನಿಯನ್ನೇ ನಕಲು ಮಾಡುವ ತಂತ್ರಜ್ಞಾನ ಬಂದ ಮೇಲೆ ಈ ಅಸಮತೋಲನ ಇನ್ನೂ ಹೆಚ್ಚಿದೆ. ಅರೂಪ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ಉದ್ಯೋಗಿಯೊಬ್ಬರು, ಹಿರಿಯ ಅಧಿಕಾರಿಯೂ ಸಹೋದ್ಯೋಗಿಗಳೂ ಇದ್ದಾರೆಂದು ನಂಬಿ ವಿಡಿಯೋ ಸಭೆಯೊಂದರಲ್ಲಿ ಕೂತು, ಸುಮಾರು 2.5 ಕೋಟಿ ಡಾಲರ್ ವರ್ಗಾಯಿಸಿದರು ಎಂಬುದು 2024ರಲ್ಲಿ ಬೆಳಕಿಗೆ ಬಂತು. ಸಭೆಯಲ್ಲಿದ್ದ ಉಳಿದ ಮುಖಗಳೆಲ್ಲ ಯಂತ್ರ ಸೃಷ್ಟಿಸಿದವು. ಮುಖ ಮತ್ತು ದನಿ ಕೂಡ ಈಗ ಜನ್ಮದಿನಾಂಕದಂತೆ ಸಾರ್ವಜನಿಕ ಮಾಹಿತಿಯ ಸಾಲಿಗೆ ಸೇರಿವೆ.

ನಾವೇ ಕೈಯಾರೆ ಕೊಡುವುದರಲ್ಲೂ ಏನಿದೆ ಎಂದು ನಮಗೆ ಕಾಣುವುದಿಲ್ಲ. 2020ರಲ್ಲಿ ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಾಟ್ ತಮ್ಮ ವಿಮಾನದ ಬೋರ್ಡಿಂಗ್ ಪಾಸ್‌ನ ಚಿತ್ರವನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದರು. ಅದರಲ್ಲಿದ್ದ ಬುಕಿಂಗ್ ಸಂಖ್ಯೆ ಮತ್ತು ಉಪನಾಮ ಎರಡನ್ನೇ ಬಳಸಿ ಭದ್ರತಾ ಸಂಶೋಧಕರೊಬ್ಬರು ವಿಮಾನಯಾನ ಸಂಸ್ಥೆಯ ತಾಣವನ್ನು ಪ್ರವೇಶಿಸಿದರು. ಪುಟದ ಮೇಲೆ ಕಾಣದಿದ್ದರೂ ಪುಟದ ಹಿಂದಿನ ಸಂಕೇತಗಳಲ್ಲಿ ಪಾಸ್‌ಪೋರ್ಟ್ ಸಂಖ್ಯೆಯೂ ಫೋನ್ ಸಂಖ್ಯೆಯೂ ಇದ್ದವು. ಅವರು ಅದನ್ನು ದುರುಪಯೋಗ ಮಾಡದೆ ಸರ್ಕಾರಕ್ಕೂ ಸಂಸ್ಥೆಗೂ ತಿಳಿಸಿದರು. ಚಿತ್ರ ಹಾಕಿದವರಿಗೆ ಅದು ಮುಗಿದ ಪ್ರಯಾಣದ ಚೀಟಿ. ತಾಣಕ್ಕೆ ಮಾತ್ರ ಅದರ ಮೇಲಿದ್ದ ಸಂಖ್ಯೆ ಪಾಸ್‌ವರ್ಡ್.

ಸಿಕ್ಕ ಮಾಹಿತಿಯಿಂದ ಏನು ಮಾಡುತ್ತಾರೆ? ಇರುವ ಖಾತೆಯನ್ನು ಬರಿದು ಮಾಡುವುದು ಎಲ್ಲರಿಗೂ ತಿಳಿದದ್ದು, ಮತ್ತು ಬೇಗ ಬಯಲಾಗುವಂಥದ್ದು. ಬೇರೆಯವರ ಹೆಸರಿನಲ್ಲಿ ಹೊಸ ಸಾಲ ಪಡೆಯುವುದು ಹಾಗಲ್ಲ. ಬಿಲ್ಲು ಹೋಗುವುದು ಕಳ್ಳ ಕೊಟ್ಟ ವಿಳಾಸಕ್ಕೆ. ಹೆಸರು ಕೆಟ್ಟಿರುವುದು ತಿಳಿಯುವುದು ನಿಜವಾದ ವ್ಯಕ್ತಿ ಮನೆಗೋ ಓದಿಗೋ ಸಾಲ ಕೇಳಲು ಹೋದ ದಿನ. ಫೋನ್ ಕಂಪನಿಯನ್ನು ನಂಬಿಸಿ ಬೇರೆಯವರ ಸಂಖ್ಯೆಯನ್ನು ತಮ್ಮ ಸಿಮ್‌ಗೆ ವರ್ಗಾಯಿಸಿಕೊಂಡರೆ, ಆ ಸಂಖ್ಯೆಗೆ ಬರುವ ಓಟಿಪಿಗಳೆಲ್ಲ ಅವರ ಕೈಯಲ್ಲಿ. 2019ರ ಆಗಸ್ಟ್‌ನಲ್ಲಿ ಟ್ವಿಟರ್‌ನ ಅಂದಿನ ಮುಖ್ಯಸ್ಥ ಜ್ಯಾಕ್ ಡಾರ್ಸಿಯವರ ಸ್ವಂತ ಖಾತೆಯೇ ಫೋನ್ ಸಂಖ್ಯೆಯ ಮೂಲಕ ಬೇರೆಯವರ ವಶವಾಗಿತ್ತು ಎಂದ ಮೇಲೆ ಉಳಿದವರ ಮಾತೇನು.

ತೆರಿಗೆ ಮರುಪಾವತಿಯನ್ನು ಕದಿಯುವವರು ಸರ್ಕಾರದ ಪ್ರಶ್ನೆಗಳಿಗೂ ಉತ್ತರ ಕೊಡಬಲ್ಲರು ಎಂಬುದು 2015ರಲ್ಲಿ ಸಾಬೀತಾಯಿತು. ಅಮೆರಿಕದ ತೆರಿಗೆ ಇಲಾಖೆ, ಹಳೆಯ ವಿಳಾಸ, ಹಿಂದಿನ ಸಾಲ ಮುಂತಾದವುಗಳ ಬಗ್ಗೆ ಪ್ರಶ್ನೆ ಕೇಳಿ, ಸರಿಯಾಗಿ ಉತ್ತರಿಸಿದವರಿಗೆ ಅವರ ತೆರಿಗೆ ದಾಖಲೆ ತೋರಿಸುವ ಸೇವೆ ನಡೆಸುತ್ತಿತ್ತು. ಮೊದಲಿಗೆ ಸುಮಾರು ಒಂದು ಲಕ್ಷ ಜನರ ದಾಖಲೆಗಳು ವಂಚಕರಿಗೆ ದಕ್ಕಿವೆ ಎಂದಿದ್ದ ಇಲಾಖೆ, ಮರುವರ್ಷ ಆ ಸಂಖ್ಯೆ 7 ಲಕ್ಷ ದಾಟುತ್ತದೆ ಎಂದು ಒಪ್ಪಿಕೊಳ್ಳಬೇಕಾಯಿತು. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಪಾಠ ಇಲ್ಲ. ಎಷ್ಟೇ ಖಾಸಗಿ ಎನಿಸುವ ಪ್ರಶ್ನೆಯಾಗಲಿ, ಅದರ ಉತ್ತರವನ್ನು ಪರಿಶೀಲಿಸುವ ಸಂಸ್ಥೆಯ ಬಳಿ ಆ ಉತ್ತರದ ಪ್ರತಿ ಇರಲೇಬೇಕು. ಪ್ರತಿ ಇದೆ ಎಂದರೆ ಅದು ಸೋರಬಲ್ಲದು.

ಹಣದ ಆಚೆಗಿನ ಹಾನಿಯ ಬಗ್ಗೆ ಕಡಿಮೆ ಮಾತಾಡುತ್ತೇವೆ. ಬೇರೆಯವರ ಹೆಸರಿನಲ್ಲಿ ಚಿಕಿತ್ಸೆ ಪಡೆದಾಗ, ಒಬ್ಬರ ರಕ್ತದ ಗುಂಪು, ಕಾಯಿಲೆ, ಔಷಧಗಳ ವಿವರ ಇನ್ನೊಬ್ಬರ ಕಡತಕ್ಕೆ ಸೇರಿಕೊಳ್ಳುತ್ತದೆ. ತುರ್ತು ಚಿಕಿತ್ಸೆಯ ಹೊತ್ತಿನಲ್ಲಿ ವೈದ್ಯರು ನೋಡುವುದು ಆ ಕಡತವನ್ನೇ. ಪೊಲೀಸರ ಕೈಗೆ ಸಿಕ್ಕವನು ಬೇರೆಯವರ ಹೆಸರು ಹೇಳಿ ಬಿಡುಗಡೆಯಾಗಿ ಹೋದರೆ, ವಾರಂಟ್ ಹೊರಡುವುದು ಆ ಹೆಸರಿನವರ ಮೇಲೆ. ಮಕ್ಕಳ ಗುರುತಿನ ಸಂಖ್ಯೆಗಳಿಗೆ ಕಳ್ಳರಲ್ಲಿ ವಿಶೇಷ ಬೇಡಿಕೆ ಇರುವುದಕ್ಕೂ ಸರಳ ಕಾರಣವಿದೆ: ಆ ಮಗು ದೊಡ್ಡದಾಗಿ ಮೊದಲ ಸಾಲಕ್ಕೋ ಕೆಲಸಕ್ಕೋ ಅರ್ಜಿ ಹಾಕುವವರೆಗೆ ಯಾರೂ ಆ ಹೆಸರಿನ ಲೆಕ್ಕ ನೋಡುವುದಿಲ್ಲ. ಇಂಥ ನಿಜವಾದ ಸಂಖ್ಯೆಗೆ ಕಾಲ್ಪನಿಕ ಹೆಸರು, ಹುಟ್ಟಿದ ದಿನ, ವಿಳಾಸ ಜೋಡಿಸಿ, ಲೋಕದಲ್ಲೇ ಇಲ್ಲದ ವ್ಯಕ್ತಿಯೊಬ್ಬನನ್ನು ಕಟ್ಟುವ ವಂಚನೆಯೂ ಇದೆ. ಆ ಕಟ್ಟಿದ ಮನುಷ್ಯ ಸಣ್ಣ ಸಾಲ ತೆಗೆದು ಸಕಾಲದಲ್ಲಿ ತೀರಿಸುತ್ತಾನೆ, ಒಳ್ಳೆಯ ಹೆಸರು ಗಳಿಸುತ್ತಾನೆ, ತಿಂಗಳುಗಳೋ ವರ್ಷಗಳೋ ಕಳೆದು ಒಂದೇ ಬಾರಿಗೆ ಸಿಕ್ಕಷ್ಟು ಸಾಲ ಎತ್ತಿ ಮಾಯವಾಗುತ್ತಾನೆ. ಹುಡುಕಿಕೊಂಡು ಹೋದವರಿಗೆ ಸಿಗುವುದು ಶಾಲೆಗೆ ಹೋಗುವ ಒಂದು ಮಗುವಿನ ಸಂಖ್ಯೆ.

ಇಲ್ಲಿ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು. ಕಳ್ಳನೊಬ್ಬ ಸುಳ್ಳು ಹೇಳಿ ಬ್ಯಾಂಕಿನಿಂದ ಹಣ ಪಡೆದರೆ, ಮೋಸ ಹೋದದ್ದು ಬ್ಯಾಂಕು. ಆದರೆ ಅದನ್ನು ಗುರುತು ಕಳವು ಎಂದು ಕರೆದ ಕೂಡಲೇ, ಏನನ್ನೋ ಕಳೆದುಕೊಂಡವರು ಆ ಹೆಸರಿನ ವ್ಯಕ್ತಿ ಎಂದಾಗುತ್ತದೆ. ಅದನ್ನು ಜೋಪಾನ ಮಾಡದ ತಪ್ಪೂ, ತಾನು ತೆಗೆಯದ ಸಾಲ ತನ್ನದಲ್ಲ ಎಂದು ರುಜುವಾತು ಮಾಡುವ ಹೊರೆಯೂ ಅವರ ತಲೆಗೇ ಬರುತ್ತದೆ. ಆಗದಿದ್ದುದನ್ನು ಆಗಲಿಲ್ಲ ಎಂದು ಸಾಧಿಸುವುದು ಎಷ್ಟು ಕಷ್ಟ ಎಂಬುದು ಆ ಕಚೇರಿಯಿಂದ ಈ ಕಚೇರಿಗೆ ಅಲೆದವರಿಗೇ ಗೊತ್ತು. ಹತ್ತೇ ನಿಮಿಷದಲ್ಲಿ ಸಾಲ ಮಂಜೂರು ಮಾಡುವ ಸೌಲಭ್ಯದ ಲಾಭ ಒಬ್ಬರಿಗೆ, ಅದರ ಅಪಾಯ ಇನ್ನೊಬ್ಬರಿಗೆ ಎಂಬ ಈ ವ್ಯವಸ್ಥೆ ಬದಲಾಗದೆ ಜನರಿಗೆ ಎಚ್ಚರಿಕೆಯ ಸಂದೇಶ ಕಳಿಸುತ್ತಾ ಕೂತರೆ ಸಾಲದು. ಪರೀಕ್ಷಿಸದೆ ಕೊಟ್ಟ ಸಾಲದ ನಷ್ಟ ಕೊಟ್ಟವರದ್ದೇ ಎಂದು ಕಾನೂನು ಖಡಾಖಂಡಿತವಾಗಿ ಹೇಳಿದ ದಿನ ಪರೀಕ್ಷೆ ತಾನಾಗಿಯೇ ಬಿಗಿಯಾಗುತ್ತದೆ.

ಬಿಗಿಯಾಗಬೇಕಾದದ್ದು ಯಾವ ದಿಕ್ಕಿನಲ್ಲಿ ಎಂಬುದೂ ಮುಖ್ಯ. ಬೆರಳಚ್ಚು, ಕಣ್ಣಿನ ಪಾಪೆ ಬಳಸಿದರೆ ಎಲ್ಲ ಬಗೆಹರಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಇಲಾಖೆಯಿಂದ ಸೋರಿದ ದಾಖಲೆಗಳಲ್ಲಿ 56 ಲಕ್ಷ ಜನರ ಬೆರಳಚ್ಚುಗಳೂ ಇದ್ದವು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸುವಂತಿಲ್ಲ. ಸಂಸ್ಥೆಯೊಂದು ಕೋಟ್ಯಂತರ ಜನರ ಅಂಥ ಗುರುತುಗಳನ್ನು ಒಂದೇ ಕಡೆ ಗುಡ್ಡೆ ಹಾಕಿಕೊಳ್ಳುವುದಕ್ಕಿಂತ, ಪುರಾವೆಯು ನಮ್ಮ ಕೈಯಲ್ಲಿರುವ ಸಾಧನದಲ್ಲೇ ಉಳಿಯುವ ವಿಧಾನ ಹೆಚ್ಚು ಭದ್ರ. ಪಾಸ್‌ಕೀ ಎಂದು ಕರೆಯುವ ವ್ಯವಸ್ಥೆ ಹಾಗೆ ಕೆಲಸ ಮಾಡುತ್ತದೆ. ಅದರ ಗುಟ್ಟಿನ ಭಾಗ ತಾಣಕ್ಕೆ ಹೋಗುವುದೇ ಇಲ್ಲ, ಆದ್ದರಿಂದ ತಾಣದಿಂದ ಅದು ಸೋರುವುದಿಲ್ಲ. ಅದು ಒಂದು ನಿರ್ದಿಷ್ಟ ತಾಣಕ್ಕೆ ಕಟ್ಟುಬಿದ್ದಿರುವುದರಿಂದ ಅದೇ ರೂಪದ ನಕಲಿ ತಾಣದ ಮುಂದೆ ತೆರೆದುಕೊಳ್ಳುವುದೂ ಇಲ್ಲ. ಫೋನಿನಲ್ಲಿ ಓದಿ ಹೇಳಲು ಅದರಲ್ಲಿ ಅಂಕಿಗಳೇ ಇಲ್ಲ.

ಅಲ್ಲಿಯವರೆಗೆ ಒಬ್ಬ ವ್ಯಕ್ತಿ ಮಾಡಿಕೊಳ್ಳಬಹುದಾದದ್ದರಲ್ಲಿ ಇಮೇಲ್ ಖಾತೆಯ ರಕ್ಷಣೆಗೆ ಮೊದಲ ಸ್ಥಾನ, ಏಕೆಂದರೆ ಉಳಿದ ಖಾತೆಗಳ ಹೊಸ ಪಾಸ್‌ವರ್ಡ್‌ಗಳೆಲ್ಲ ಬರುವುದು ಅಲ್ಲಿಗೆ. ಗುರುತಿನ ಚೀಟಿಯ ಪ್ರತಿಗಳನ್ನು ಎಂದೋ ಯಾರಿಗೋ ಕಳಿಸಿದ ಹಳೆಯ ಮೇಲ್‌ಗಳು ಅದರಲ್ಲೇ ಇರುತ್ತವೆ. ಅವನ್ನು ಅಳಿಸುವುದು ಒಳ್ಳೆಯದು. ತಾಯಿಯ ಹೆಸರು, ಓದಿದ ಶಾಲೆ ಎಂಬಂಥ ಭದ್ರತಾ ಪ್ರಶ್ನೆಗಳಿಗೆ ನಿಜ ಉತ್ತರ ಕೊಡಬೇಕೆಂಬ ನಿಯಮವಿಲ್ಲ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಅವರ ಮೇಲ್ ಖಾತೆಯನ್ನು ಕಾಲೇಜು ವಿದ್ಯಾರ್ಥಿಯೊಬ್ಬ ತೆರೆದದ್ದು, ಅವರು ಗಂಡನನ್ನು ಮೊದಲು ಭೇಟಿಯಾದದ್ದೆಲ್ಲಿ ಎಂಬ ಪ್ರಶ್ನೆಗೆ ಅಂತರ್ಜಾಲದಲ್ಲಿ ಉತ್ತರ ಹುಡುಕಿ. ಕರೆ ಬಂದಾಗ ಕತ್ತರಿಸಿ, ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಗೆ ತಾವೇ ಕರೆ ಮಾಡುವುದು ಅಸಭ್ಯತೆ ಅಲ್ಲ. ನಿಜವಾದ ಬ್ಯಾಂಕಿನವರು ಅದಕ್ಕೆ ಬೇಸರಿಸುವುದಿಲ್ಲ. ತಮ್ಮ ಹೆಸರಿನಲ್ಲಿ ಹೊಸ ಸಾಲ ಮಂಜೂರಾಗದಂತೆ ಸಾಲದ ದಾಖಲೆಯನ್ನು ಸ್ಥಗಿತಗೊಳಿಸುವ ಸೌಲಭ್ಯ ಇರುವ ದೇಶಗಳಲ್ಲಿ ಅದನ್ನು ಮಕ್ಕಳ ಹೆಸರಿಗೂ ಮಾಡಿಸಬಹುದೇ ಎಂದು ವಿಚಾರಿಸಬೇಕು.

ಆಗಬಾರದ್ದು ಆಗಿಯೇ ಹೋದರೆ, ನಾಚಿಕೆಯಿಂದ ಸುಮ್ಮನಿರುವ ಒಂದೊಂದು ಗಂಟೆಯೂ ಕಳ್ಳನಿಗೆ ಅನುಕೂಲ. ಮೊದಲು ಬ್ಯಾಂಕು ಮತ್ತು ಫೋನ್ ಕಂಪನಿಗೆ, ಆ ಕೂಡಲೇ ಪೊಲೀಸರಿಗೆ ದೂರು ಹೋಗಬೇಕು, ಅದೂ ಬರವಣಿಗೆಯಲ್ಲಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಜೊತೆ ಮಾತಾಡಿದೆವು, ಅವರು ಕೊಟ್ಟ ದೂರಿನ ಸಂಖ್ಯೆ ಏನು ಎಂಬುದನ್ನೆಲ್ಲ ಒಂದೇ ಕಡೆ ಬರೆದಿಟ್ಟುಕೊಳ್ಳಬೇಕು. ಸಾಲ ರದ್ದಾಗಿದೆ ಎಂದು ಬಾಯಲ್ಲಿ ಹೇಳಿದರೆ ಒಪ್ಪದೆ, ಪತ್ರ ಪಡೆಯಬೇಕು. ಆ ಪತ್ರ ಕೈಗೆ ಬಂದ ಮೇಲೂ ಅದನ್ನು ವರ್ಷಗಟ್ಟಲೆ ಜೋಪಾನ ಮಾಡಬೇಕಾಗುತ್ತದೆ: ವಸೂಲಾಗದ ಸಾಲಗಳನ್ನು ಸಂಸ್ಥೆಗಳು ಗಂಟುಗಂಟಾಗಿ ಮಾರಿಬಿಡುತ್ತವೆ, ರದ್ದಾದದ್ದೂ ಅದರಲ್ಲಿ ಸೇರಿಹೋಗಿರುತ್ತದೆ, ಮತ್ತು ಅದನ್ನು ಕೊಂಡ ಹೊಸ ವಸೂಲಿದಾರ ಒಂದು ದಿನ ಹಳೆಯ ಹೆಸರು, ಹಳೆಯ ಸಂಖ್ಯೆ ಹಿಡಿದು ಮತ್ತೆ ಫೋನ್ ಮಾಡುತ್ತಾನೆ.